ತುಕ್ಕು ಹಿಡಿದ ಚಾಸಿಯ ಬೆಸುಗೆ ದುರಸ್ತಿ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿಗಳ ಆಸ್ತಿ ವಹಿಯಲ್ಲಿ ಈಗ ಕಟ್ಟಡ, ಕೊಳವೆಬಾವಿ ಮತ್ತು ಪೀಠೋಪಕರಣಗಳ ಜೊತೆಗೆ ವಾಹನಗಳೂ ಸೇರಿವೆ. ಮನೆಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ, ಟ್ರ್ಯಾಕ್ಟರ್ ಮತ್ತು ಅದರ ಟ್ರೇಲರ್, ಬೇಸಿಗೆಯಲ್ಲಿ ನೀರು ಒದಗಿಸುವ ಟ್ಯಾಂಕರ್ ಇವುಗಳಲ್ಲಿ ಮುಖ್ಯವಾದವು. ಇವುಗಳ ಎಂಜಿನ್, ಟೈರು ಮತ್ತು ಬ್ಯಾಟರಿ ಕೆಟ್ಟರೆ ವಾಹನ ನಿಲ್ಲುತ್ತದೆ. ಆದ್ದರಿಂದ ಅವುಗಳ ದುರಸ್ತಿ ತಡವಾಗುವುದಿಲ್ಲ. ಆದರೆ ವಾಹನದ ಬೆನ್ನೆಲುಬಾದ ಚಾಸಿ ತುಕ್ಕಿನಿಂದ ಸವೆಯುತ್ತಿದ್ದರೂ ವಾಹನ ಓಡುತ್ತಲೇ ಇರುತ್ತದೆ. ಅಡಿಗೆ ಬಗ್ಗಿ ನೋಡುವವರು ಕಡಿಮೆ. ಒಂದು ದಿನ ಭಾರ ತುಂಬಿದ ವಾಹನ ಗುಂಡಿಗೆ ಇಳಿದಾಗ ಸವೆದ ಭಾಗ ಮುರಿಯುತ್ತದೆ. ಆಗ ಅಪಾಯಕ್ಕೆ ಒಳಗಾಗುವವರು ವಾಹನ ನಡೆಸುವ ಸ್ವಸಹಾಯ ಸಂಘದ ಮಹಿಳೆ, ಹಿಂದೆ ನಿಂತು ಕಸ ತುಂಬುವ ಸಹಾಯಕರು ಮತ್ತು ರಸ್ತೆಯಲ್ಲಿರುವ ಜನ.

ತುಕ್ಕು ಹಿಡಿದ ಚಾಸಿಯನ್ನು ಯಾವಾಗ ಬೆಸುಗೆಯಿಂದ ಸರಿಪಡಿಸಬಹುದು, ಯಾವಾಗ ಸರಿಪಡಿಸಬಾರದು, ಸರಿಯಾದ ಕೆಲಸ ಹೇಗಿರುತ್ತದೆ ಮತ್ತು ಬಿಲ್ಲಿಗೆ ಅನುಮೋದನೆ ನೀಡುವ ಮುನ್ನ ಏನನ್ನು ಕೇಳಬೇಕು ಎಂಬುದನ್ನು ಸದಸ್ಯರು ಅರಿಯಲಿ ಎಂಬುದೇ ಈ ಪಾಠದ ಉದ್ದೇಶ. ಸದಸ್ಯರು ಬೆಸುಗೆಗಾರರಾಗಬೇಕಿಲ್ಲ, ಒಳ್ಳೆಯ ಬೆಸುಗೆಯನ್ನೂ ಕಳಪೆ ತೇಪೆಯನ್ನೂ ಬೇರ್ಪಡಿಸಿ ನೋಡಬಲ್ಲವರಾದರೆ ಸಾಕು.

1. ಸ್ಥಳೀಯ ಸನ್ನಿವೇಶ

ಬದನಗುಪ್ಪೆಯು ನಂಜನಗೂಡು ಮತ್ತು ಚಾಮರಾಜನಗರದ ನಡುವಿನ ರೈಲು ಮಾರ್ಗದಲ್ಲಿರುವ ಗ್ರಾಮ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ರೂಪುಗೊಂಡ ಬಳಿಕ ಈ ಭಾಗದಲ್ಲಿ ಭಾರಿ ವಾಹನಗಳ ಸಂಚಾರ ಗ್ರಾಮೀಣ ರಸ್ತೆಗಳ ಸಂಚಾರದೊಂದಿಗೆ ಬೆರೆತಿದೆ. ನಿಧಾನವಾಗಿ ಸಾಗುವ ಕಸದ ವಾಹನ ಅಥವಾ ಟ್ರ್ಯಾಕ್ಟರ್ ಟ್ರೇಲರ್ ಇಂತಹ ರಸ್ತೆಯ ಮಧ್ಯೆ ಮುರಿದು ನಿಂತರೆ ಹಿಂದಿನಿಂದ ಬರುವ ಲಾರಿಗೆ ತಪ್ಪಿಸಿಕೊಳ್ಳಲು ಅವಕಾಶ ಕಡಿಮೆ.

ಚಾಮರಾಜನಗರ ಜಿಲ್ಲೆ ಸಮುದ್ರದಿಂದ ದೂರವಿದೆ. ಆದ್ದರಿಂದ ಇಲ್ಲಿ ತುಕ್ಕಿನ ಭಯವಿಲ್ಲ ಎಂಬ ಭಾವನೆ ಇದೆ. ಇದು ಅರ್ಧ ಸತ್ಯ ಮಾತ್ರ. ಕರಾವಳಿಯ ಉಪ್ಪು ಗಾಳಿ ಇಲ್ಲಿಲ್ಲದಿದ್ದರೂ ಉಪ್ಪು ಬೇರೆ ದಾರಿಗಳಿಂದ ಬರುತ್ತದೆ. ಹಸಿ ಕಸದಿಂದ ಒಸರುವ ರಸದಲ್ಲಿ ಆಮ್ಲವೂ ಲವಣವೂ ಇರುತ್ತವೆ. ಟ್ರೇಲರಿನಲ್ಲಿ ಸಾಗಿಸುವ ಯೂರಿಯಾ, ಪೊಟ್ಯಾಷ್ ಗೊಬ್ಬರದ ಪುಡಿ ಸಂದುಗಳಲ್ಲಿ ಉಳಿದು ಗಾಳಿಯ ತೇವವನ್ನು ಹೀರುತ್ತದೆ. ಕೊಟ್ಟಿಗೆ ಗೊಬ್ಬರದ ತೇವವೂ ಲೋಹವನ್ನು ತಿನ್ನುತ್ತದೆ. ಚಕ್ರ ಎರಚಿದ ಕೆಮ್ಮಣ್ಣು ಚಾಸಿಯ ಒಳಮೂಲೆಯಲ್ಲಿ ಅಂಟಿಕೊಂಡು ಮಳೆ ನಿಂತ ಮೇಲೂ ಹಲವು ದಿನ ಒದ್ದೆಯಾಗಿಯೇ ಇರುತ್ತದೆ. ಮೇ ತಿಂಗಳ ಮಳೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳ ಮಳೆ ಇನ್ನೊಮ್ಮೆ ಈ ಮಣ್ಣನ್ನು ನೆನೆಸುತ್ತವೆ. ಇದರ ಜೊತೆಗೆ, ಗುಂಡ್ಲುಪೇಟೆಯ ಮೂಲಕ ಕೇರಳದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 766 ಈ ಜಿಲ್ಲೆಯಲ್ಲಿ ಹಾದುಹೋಗುತ್ತದೆ. ಕರಾವಳಿಯಲ್ಲಿ ಓಡಿ ಬಂದ ಹಳೆಯ ವಾಹನವನ್ನು ಬಾಡಿಗೆಗೆ ಪಡೆಯುವಾಗ ಮೇಲಿನ ಹೊಸ ಬಣ್ಣಕ್ಕಿಂತ ಅಡಿಯ ಕಬ್ಬಿಣವನ್ನು ನೋಡುವುದು ವಿವೇಕ.

2. ತುಕ್ಕು ಏನು ಮಾಡುತ್ತದೆ

ಕಬ್ಬಿಣ, ನೀರು ಮತ್ತು ಆಮ್ಲಜನಕ ಸೇರಿದಾಗ ತುಕ್ಕು ಹುಟ್ಟುತ್ತದೆ. ಲವಣ ಸೇರಿದ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಸುವುದರಿಂದ ಈ ಕ್ರಿಯೆ ವೇಗ ಪಡೆಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಎರಡು ಪಟ್ಟಿಗಳ ನಡುವಿನ ಸಂದಿನಲ್ಲಿ ತುಕ್ಕು ಬೆಳೆದಾಗ ಅದು ರಿವೆಟ್ಟುಗಳನ್ನು ಹಿಗ್ಗಿಸುತ್ತದೆ, ಪಟ್ಟಿಗಳನ್ನು ಪರಸ್ಪರ ದೂರ ತಳ್ಳುತ್ತದೆ. ಚಾಸಿಯ ಜೋಡಣೆ ಉಬ್ಬಿದಂತೆ ಕಂಡರೆ ಒಳಗೆ ತುಕ್ಕು ತುಂಬಿದೆ ಎಂದೇ ತಿಳಿಯಬೇಕು.

ದಪ್ಪ ಸ್ವಲ್ಪ ಕಡಿಮೆಯಾದರೆ ಬಲವೂ ಸ್ವಲ್ಪವೇ ಕಡಿಮೆಯಾಗುತ್ತದೆ ಎಂಬ ಊಹೆ ತಪ್ಪು. ಚಪ್ಪಟೆ ಪಟ್ಟಿಯೊಂದು ಬಾಗುವಿಕೆಯನ್ನು ತಡೆಯುವ ಬಲವು ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. 4 ಮಿಲಿಮೀಟರ್ ದಪ್ಪದ ಪಟ್ಟಿ ಸವೆದು 3 ಮಿಲಿಮೀಟರ್ ಆದರೆ ದಪ್ಪದಲ್ಲಿ ಕಾಲು ಭಾಗ ಹೋಗಿದೆ. ಆದರೆ ಉಳಿದ ಬಲ 16ರಲ್ಲಿ 9 ಭಾಗ, ಅಂದರೆ ಸುಮಾರು ಶೇಕಡಾ 56 ಮಾತ್ರ. ಕೊಳವೆ ಮತ್ತು ಕಾಲುವೆ ಆಕಾರದ ಚಾಸಿಗಳಲ್ಲಿ ಲೆಕ್ಕ ಬೇರೆಯಾಗುತ್ತದೆ, ನಷ್ಟವೂ ಇಷ್ಟು ತೀವ್ರವಾಗಿರುವುದಿಲ್ಲ. ಆದರೂ ತುಕ್ಕು ಎಲ್ಲೆಡೆ ಸಮನಾಗಿ ತಿನ್ನುವುದಿಲ್ಲ, ಗುಳಿಗಳನ್ನು ತೋಡುತ್ತದೆ. ಆ ಗುಳಿಯ ತಳದಲ್ಲಿಯೇ ಬಿರುಕು ಆರಂಭವಾಗುತ್ತದೆ. ದಿನವೂ ಭಾರ ಏರಿಸಿ ಇಳಿಸುವ ವಾಹನದಲ್ಲಿ ಈ ಬಿರುಕು ಕೂದಲಿನಷ್ಟರಿಂದ ಆರಂಭವಾಗಿ ನಿಧಾನವಾಗಿ ಮುಂದುವರಿಯುತ್ತದೆ.

3. ಪರೀಕ್ಷೆಯ ವಿಧಾನ

ಪರೀಕ್ಷೆಗೆ ಮೊದಲು ವಾಹನದ ಅಡಿಭಾಗವನ್ನು ನೀರಿನಿಂದ ತೊಳೆದು ಒಣಗಿಸಬೇಕು. ಮಣ್ಣು ಮೆತ್ತಿದ ಚಾಸಿಯನ್ನು ನೋಡಿ ನೀಡಿದ ಅಭಿಪ್ರಾಯಕ್ಕೆ ಬೆಲೆಯಿಲ್ಲ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಟ್ಟೆ ಕೊಟ್ಟು, ಜಾಕಿಯ ಜೊತೆಗೆ ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಯಾರೂ ವಾಹನದ ಅಡಿಗೆ ಹೋಗತಕ್ಕದ್ದಲ್ಲ.

ಮುಖ್ಯವಾಗಿ ನೋಡಬೇಕಾದ ಸ್ಥಳಗಳು: ಸ್ಪ್ರಿಂಗ್ ಪಟ್ಟಿಗಳನ್ನು ಚಾಸಿಗೆ ಸೇರಿಸುವ ಕೊಂಡಿಗಳ ಸುತ್ತ, ಅಡ್ಡಪಟ್ಟಿಗಳು ಉದ್ದಪಟ್ಟಿಗಳನ್ನು ಸೇರುವ ಮೂಲೆಗಳು, ಹಿಂದಿನ ಚಕ್ರಗಳ ಹಿಂಭಾಗ, ಕಸದ ತೊಟ್ಟಿಯ ರಸ ಸುರಿಯುವ ಜಾಗ, ತೊಟ್ಟಿಯನ್ನು ಎತ್ತುವ ಹೈಡ್ರಾಲಿಕ್ ಜಾಕಿಯ ಬುಡ, ಬ್ಯಾಟರಿ ಕೂರುವ ತಟ್ಟೆ, ಟ್ರೇಲರಿನ ಮೂಕಿ ಮತ್ತು ಕೊಕ್ಕೆಯ ಬೆಸುಗೆಗಳು, ಟ್ಯಾಂಕರಿನ ತೊಟ್ಟಿಲು ಚಾಸಿಯ ಮೇಲೆ ಕೂರುವ ಜಾಗ.

ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಲೋಹ ಗಣಿಲೆನ್ನುತ್ತದೆ. ಸವೆದ ಲೋಹ ಮಂಕಾದ ಸದ್ದು ಕೊಡುತ್ತದೆ, ಪದರಪದರವಾಗಿ ಉದುರುತ್ತದೆ. ಸ್ಕ್ರೂ ಡ್ರೈವರ್ ಒತ್ತಿದಾಗ ಒಳಕ್ಕೆ ಹೋದರೆ ಅಲ್ಲಿ ಲೋಹವೇ ಉಳಿದಿಲ್ಲ. ಮುಚ್ಚಿದ ಕೊಳವೆಯಾಕಾರದ ಚಾಸಿ ಒಳಗಿನಿಂದ ಹೊರಕ್ಕೆ ಸವೆಯುತ್ತದೆ. ಹೊರಗೆ ಬಣ್ಣ ಚೆನ್ನಾಗಿದ್ದರೂ ಒಳಗೆ ಕಬ್ಬಿಣ ತೆಳುವಾಗಿರಬಹುದು. ನೀರು ಹೊರಹೋಗುವ ರಂಧ್ರಗಳು ಮುಚ್ಚಿದ್ದರೆ ಈ ಸಂಶಯ ಹೆಚ್ಚು. ಶ್ರವಣಾತೀತ ತರಂಗದ ದಪ್ಪಮಾಪಕವಿರುವ ವರ್ಕ್‌ಶಾಪಿನಲ್ಲಿ ಒಂದೇ ಬದಿಯಿಂದ ಅಳೆದು ಉಳಿದ ದಪ್ಪವನ್ನು ತಿಳಿಯಬಹುದು. ಅದೇ ಚಾಸಿಯ ಸವೆಯದ ಭಾಗದ ದಪ್ಪದೊಂದಿಗೆ ಇದನ್ನು ಹೋಲಿಸಬೇಕು.

ಚಾಸಿ ತಿರುಚಿದೆಯೇ ಎಂದು ತಿಳಿಯಲು ಕರ್ಣಗಳ ಅಳತೆ ಸುಲಭ ಉಪಾಯ. ಎಡ ಮುಂಭಾಗದ ಒಂದು ಬಿಂದುವಿನಿಂದ ಬಲ ಹಿಂಭಾಗದ ಬಿಂದುವಿಗೆ, ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ ಅಳೆಯಬೇಕು. ಎರಡೂ ಅಳತೆಗಳು ಸಮನಾಗಿರಬೇಕು. ವ್ಯತ್ಯಾಸ ಕಂಡರೆ ಬೆಸುಗೆಗೆ ಮೊದಲು ಚಾಸಿಯನ್ನು ನೇರಗೊಳಿಸಬೇಕು. ತಿರುಚಿದ ಸ್ಥಿತಿಯಲ್ಲೇ ಬೆಸೆದರೆ ದೋಷ ಶಾಶ್ವತವಾಗುತ್ತದೆ.

4. ಯಾವುದನ್ನು ಬೆಸೆಯಬಹುದು, ಯಾವುದನ್ನು ಬೆಸೆಯಬಾರದು

ಪರೀಕ್ಷೆಯ ನಂತರ ಸ್ಥಿತಿಯನ್ನು ನಾಲ್ಕು ವರ್ಗಗಳಾಗಿ ಗುರುತಿಸುವುದು ಅನುಕೂಲ.

ಮೊದಲನೆಯದು ಮೇಲ್ಪದರದ ತುಕ್ಕು. ತಂತಿ ಬ್ರಷ್ಷಿನಿಂದ ಉಜ್ಜಿದಾಗ ಕೆಳಗೆ ನಯವಾದ ಲೋಹ ಕಾಣುತ್ತದೆ. ಇದಕ್ಕೆ ಬೆಸುಗೆ ಬೇಡ; ಸ್ವಚ್ಛಗೊಳಿಸಿ ಪ್ರೈಮರ್ ಮತ್ತು ಬಣ್ಣ ಬಳಿದರೆ ಸಾಕು.

ಎರಡನೆಯದು ಭಾರ ಹೊರದ ಭಾಗದಲ್ಲಿ ತೂತು. ಮಡ್‌ಗಾರ್ಡಿನ ಆಧಾರ, ಬ್ಯಾಟರಿ ತಟ್ಟೆ, ತೊಟ್ಟಿಯ ಪಕ್ಕದ ತಗಡು ಇಂತಹವು. ಸವೆದ ಭಾಗ ಕತ್ತರಿಸಿ ಹೊಸ ತಗಡನ್ನು ಬೆಸೆಯುವ ಕೆಲಸವನ್ನು ಅನುಭವಿ ಸ್ಥಳೀಯ ವೆಲ್ಡರ್ ಮಾಡಬಹುದು.

ಮೂರನೆಯದು ಭಾರ ಹೊರುವ ಭಾಗದಲ್ಲಿ ಒಂದು ಸೀಮಿತ ಜಾಗದ ಸವೆತ ಅಥವಾ ಬಿರುಕು. ಇದನ್ನು ವಾಹನ ತಯಾರಕರ ದುರಸ್ತಿ ಕೈಪಿಡಿಯಲ್ಲಿ ಅನುಮತಿ ಇದ್ದಲ್ಲಿ ಮಾತ್ರ, ಅದು ತಿಳಿಸುವ ರೀತಿಯಲ್ಲಿ, ಅರ್ಹ ವರ್ಕ್‌ಶಾಪಿನಲ್ಲಿ ಮಾಡಿಸಬೇಕು. ಕೆಲವು ಲಾರಿಗಳ ಚಾಸಿ ಉಷ್ಣೋಪಚಾರಕ್ಕೆ ಒಳಪಡಿಸಿದ ಹೆಚ್ಚು ಬಲದ ಉಕ್ಕಿನದು. ಬೆಸುಗೆಯ ಶಾಖ ತಾಗಿದ ಜಾಗದಲ್ಲಿ ಆ ಬಲ ಕಳೆದುಹೋಗುತ್ತದೆ. ಅಂತಹ ಚಾಸಿಗೆ ಬೆಸುಗೆ ಹಾಕುವುದು ದುರಸ್ತಿಯಲ್ಲ, ಹಾನಿ.

ನಾಲ್ಕನೆಯದು ಹಲವೆಡೆ ಸವೆತ, ಎರಡೂ ಉದ್ದಪಟ್ಟಿಗಳಲ್ಲಿ ತೂತು, ಅಥವಾ ಸ್ಪ್ರಿಂಗ್ ಕೊಂಡಿಯ ಸುತ್ತ ಗಟ್ಟಿ ಲೋಹವೇ ಉಳಿಯದ ಸ್ಥಿತಿ. ಹೊಸ ಲೋಹವನ್ನು ಬೆಸೆಯಲು ಹಳೆಯ ಗಟ್ಟಿ ಲೋಹ ಬೇಕು. ಅದು ಇಲ್ಲದಿದ್ದಾಗ ಬೆಸುಗೆಗೆ ಹಿಡಿತವಿಲ್ಲ. ಇಲ್ಲಿ ಚಾಸಿ ಬದಲಾವಣೆ ಅಥವಾ ವಾಹನದ ವಿಲೇವಾರಿಯನ್ನೇ ಚರ್ಚಿಸಬೇಕು.

5. ಸರಿಯಾದ ಕೆಲಸದ ಹಂತಗಳು

ಸಿದ್ಧತೆ. ಬ್ಯಾಟರಿಯ ಋಣ ತುದಿಯನ್ನು ಮೊದಲು ಕಳಚಬೇಕು, ಆಮೇಲೆ ಧನ ತುದಿಯನ್ನು. ವಿದ್ಯುನ್ಮಾನ ನಿಯಂತ್ರಕವಿರುವ ವಾಹನದಲ್ಲಿ ತಯಾರಕರು ಹೇಳಿದಂತೆ ಅದರ ಸಂಪರ್ಕವನ್ನೂ ತೆಗೆಯಬೇಕು. ಇಂಧನದ ಟ್ಯಾಂಕು, ಪೈಪು, ಬ್ರೇಕಿನ ನಳಿಕೆ, ವೈರು ಮತ್ತು ಹೈಡ್ರಾಲಿಕ್ ಹೋಸು ಬೆಸುಗೆಯ ಹತ್ತಿರವಿದ್ದರೆ ತೆಗೆದಿಡಬೇಕು. ಸಿ.ಎನ್.ಜಿ. ವಾಹನದ ಸಿಲಿಂಡರನ್ನು ಅಧಿಕೃತ ಕೇಂದ್ರದವರ ಹೊರತು ಬೇರೆ ಯಾರೂ ಮುಟ್ಟಬಾರದು. ತೊಟ್ಟಿಯಲ್ಲಿನ ಪ್ಲಾಸ್ಟಿಕ್ ಮತ್ತು ಒಣ ಕಸವನ್ನು ಪೂರ್ಣ ಖಾಲಿ ಮಾಡಬೇಕು. ಒಂದು ಕಿಡಿ ಅದರಲ್ಲಿ ಅಡಗಿ ಗಂಟೆಗಳ ನಂತರ ಹೊತ್ತಿಕೊಳ್ಳಬಹುದು. ಕತ್ತರಿಸುವಾಗ ಚಾಸಿ ಜೋಲದಂತೆ ಎರಡೂ ಕಡೆ ಆಧಾರ ಕೊಡಬೇಕು.

ಕತ್ತರಿಸುವಿಕೆ. ಸವೆದ ಲೋಹವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯಬೇಕು. ತುಕ್ಕಿನ ಮೇಲೆಯೇ ಪಟ್ಟಿಯಿಟ್ಟು ಸುತ್ತ ಬೆಸೆಯುವುದು ನಮ್ಮಲ್ಲಿ ಬಹಳ ಕಡೆ ಕಾಣುವ ತಪ್ಪು. ಆ ಪಟ್ಟಿಯ ಅಡಿಯಲ್ಲಿ ತೇವ ಸೇರಿ ತುಕ್ಕು ಇನ್ನಷ್ಟು ಬೆಳೆಯುತ್ತದೆ. ಹೊರಗೆ ಮಾತ್ರ ಹೊಸದರಂತೆ ಕಾಣುತ್ತದೆ. ತುಕ್ಕಿನ ಮೇಲೆ, ಬಣ್ಣದ ಮೇಲೆ, ಎಣ್ಣೆಯ ಮೇಲೆ ಹಾಕಿದ ಬೆಸುಗೆಯಲ್ಲಿ ಗಾಳಿಗುಳ್ಳೆಗಳು ಉಳಿಯುತ್ತವೆ. ಬೆಸುಗೆಯ ಎರಡೂ ಬದಿಯಲ್ಲಿ ಲೋಹ ಹೊಳೆಯುವಷ್ಟು ಉಜ್ಜಬೇಕು. ಸತುವಿನ ಲೇಪನವಿದ್ದರೆ ಅದನ್ನೂ ತೆಗೆಯಬೇಕು. ಸತುವಿನ ಹೊಗೆ ಉಸಿರಾಡಿದ ವೆಲ್ಡರಿಗೆ ಜ್ವರ, ಚಳಿ ಬರುತ್ತದೆ.

ಹೊಸ ಪಟ್ಟಿ. ಮೂಲ ಚಾಸಿಯ ದಪ್ಪ ಮತ್ತು ಗುಣಕ್ಕೆ ಹೊಂದುವ ಉಕ್ಕನ್ನೇ ಬಳಸಬೇಕು. ಸಾಧಾರಣ ಮೃದು ಉಕ್ಕಿನ ಟ್ರೇಲರಿಗೆ ಐಎಸ್ 2062 ಮಾನಕದ ಪ್ಲೇಟು ಸೂಕ್ತ. ಗುಜರಿಯಿಂದ ತಂದ ಗುಣ ತಿಳಿಯದ ತುಂಡು ಸೂಕ್ತವಲ್ಲ. ದಪ್ಪ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ತಪ್ಪು. 3 ಮಿಲಿಮೀಟರ್ ಚಾಸಿಗೆ 10 ಮಿಲಿಮೀಟರ್ ಪಟ್ಟಿ ಬೆಸೆದರೆ ಆ ಭಾಗ ಬಾಗುವುದಿಲ್ಲ. ಬಾಗುವಿಕೆಯೆಲ್ಲ ಪಟ್ಟಿಯ ಅಂಚಿನಲ್ಲಿ ಸೇರಿ ಅಲ್ಲಿಯೇ ಹೊಸ ಬಿರುಕು ಬೀಳುತ್ತದೆ. ಬಲಪಟ್ಟಿ ಅಗತ್ಯವಿದ್ದರೆ ಅದರ ತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಅಥವಾ ಮೀನಿನ ಬಾಯಿಯ ಆಕಾರದಲ್ಲಿ ಕತ್ತರಿಸಬೇಕು. ಮೂಲೆಗಳು ದುಂಡಾಗಿರಬೇಕು. ಚಾಸಿಯ ಕೆಳಅಂಚಿನ ಮೇಲೆ ಅಡ್ಡವಾಗಿ ಬೆಸುಗೆ ಎಳೆಯಬಾರದು. ಭಾರ ಬಿದ್ದಾಗ ಅತಿ ಹೆಚ್ಚು ಎಳೆತ ಬರುವುದು ಅಲ್ಲಿಯೇ.

ಬಿರುಕು. ಬಿರುಕಿನ ತುದಿ ಎಲ್ಲಿದೆ ಎಂದು ಕಂಡುಕೊಂಡು ಅಲ್ಲಿ ಸಣ್ಣ ರಂಧ್ರ ಕೊರೆಯಬೇಕು. ಇದರಿಂದ ಬಿರುಕು ಮುಂದೆ ಹರಡುವುದು ನಿಲ್ಲುತ್ತದೆ. ಬಳಿಕ ಬಿರುಕಿನ ಉದ್ದಕ್ಕೂ ಗ್ರೈಂಡರಿನಿಂದ ಇಳಿಜಾರು ಕಾಲುವೆ ತೋಡಿ, ಬೆಸುಗೆ ಪೂರ್ಣ ಆಳಕ್ಕೆ ಇಳಿಯುವಂತೆ ಮಾಡಬೇಕು. ಬಿರುಕಿನ ಮೇಲ್ಭಾಗದಲ್ಲಿ ಮಾತ್ರ ಎಳೆದ ಬೆಸುಗೆ ಬಿರುಕನ್ನು ಮರೆಮಾಡುತ್ತದೆಯೇ ಹೊರತು ಕೂಡಿಸುವುದಿಲ್ಲ.

ಬೆಸುಗೆ. ಬೆಸುಗೆ ಯಂತ್ರದ ಭೂಸಂಪರ್ಕದ ಹಿಡಿಕೆಯನ್ನು ಬೆಸೆಯುವ ಜಾಗದ ಸಮೀಪದಲ್ಲಿ, ಉಜ್ಜಿದ ಲೋಹಕ್ಕೇ ಹಾಕಬೇಕು. ದೂರ ಹಾಕಿದರೆ ವಿದ್ಯುತ್ ಪ್ರವಾಹ ಚಕ್ರದ ಬೇರಿಂಗುಗಳ ಮೂಲಕ ಹರಿದು ಅವುಗಳನ್ನು ಹಾಳುಮಾಡಬಹುದು. ಐಎಸ್ 814 ಮಾನಕದ ಕಡ್ಡಿಗಳನ್ನು ಬಳಸಬೇಕು. ಇ 6013 ವರ್ಗದ ಕಡ್ಡಿ ತೆಳು ತಗಡಿಗೂ ಸಾಮಾನ್ಯ ಕೆಲಸಕ್ಕೂ ಅನುಕೂಲ. ಭಾರ ಹೊರುವ ಜೋಡಣೆಗೆ ಕಡಿಮೆ ಹೈಡ್ರೋಜನಿನ ಇ 7018 ವರ್ಗ ಉತ್ತಮ. ಆದರೆ ಅದನ್ನು ಪೊಟ್ಟಣದ ಮೇಲಿನ ಸೂಚನೆಯಂತೆ ಓವನ್ನಿನಲ್ಲಿ ಒಣಗಿಸಿರಬೇಕು. ತೇವ ಹೀರಿದ ಕಡ್ಡಿಯ ಬೆಸುಗೆ ತಣಿದ ನಂತರ ಬಿರುಕು ಬಿಡಬಹುದು. ಕಾರ್ಬನ್ ಡೈಆಕ್ಸೈಡ್ ಅನಿಲದ ವೆಲ್ಡಿಂಗ್ ಯಂತ್ರವಿದ್ದರೆ ತೆಳು ಚಾಸಿಯ ಕೆಲಸ ಇನ್ನೂ ಅಚ್ಚುಕಟ್ಟಾಗುತ್ತದೆ. ಆದರೆ ಗಾಳಿ ಬೀಸುವ ಬಯಲಿನಲ್ಲಿ ಅದು ಸಲ್ಲದು, ರಕ್ಷಕ ಅನಿಲ ಚದುರಿಹೋಗುತ್ತದೆ.

ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ ಕರ್ಣಗಳನ್ನು ಮತ್ತೊಮ್ಮೆ ಅಳೆಯಬೇಕು. ನಂತರ ಸಣ್ಣ ಸಣ್ಣ ತುಂಡುಗಳಾಗಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸುತ್ತ ಬೆಸೆಯಬೇಕು. ಒಂದೇ ಉಸಿರಿನಲ್ಲಿ ಉದ್ದಕ್ಕೆ ಎಳೆದರೆ ಶಾಖದಿಂದ ಚಾಸಿ ಸೊಟ್ಟಗಾಗುತ್ತದೆ. ಬಿಸಿ ಬೆಸುಗೆಯ ಮೇಲೆ ನೀರು ಸುರಿದು ತಣಿಸುವುದು ಸಲ್ಲದು. ಅದು ಲೋಹವನ್ನು ಪೆಡಸಾಗಿಸುತ್ತದೆ.

ಲೇಪನ. ಕಿಟ್ಟ ತೆಗೆದು, ಉಜ್ಜಿ, ಅದೇ ದಿನ ಪ್ರೈಮರ್ ಬಳಿಯಬೇಕು. ಬರಿ ಬೆಸುಗೆ ಒಂದು ಮಳೆಗೆ ಸಿಕ್ಕರೂ ತುಕ್ಕು ಮತ್ತೆ ಆರಂಭ. ಸತು ಅಥವಾ ಎಪಾಕ್ಸಿ ಪ್ರೈಮರಿನ ಮೇಲೆ ಎರಡು ಪದರ ಬಣ್ಣ, ಕೊಳವೆಯ ಒಳಭಾಗಕ್ಕೆ ಮೇಣದ ದ್ರಾವಣ ಸಿಂಪಡಣೆ ಇರಬೇಕು. ಈ ಹಂತವನ್ನು ಬಿಟ್ಟ ದುರಸ್ತಿಯನ್ನು ಪೂರ್ಣಗೊಂಡ ದುರಸ್ತಿ ಎಂದು ಪರಿಗಣಿಸಲಾಗದು. ಸುಟ್ಟ ಎಂಜಿನ್ ಎಣ್ಣೆ ಬಳಿಯುವ ರೂಢಿಯನ್ನು ಬಿಡಬೇಕು. ಅದು ರಬ್ಬರಿನ ಭಾಗಗಳನ್ನು ಕೆಡಿಸುತ್ತದೆ, ಮಣ್ಣನ್ನೂ ನೀರನ್ನೂ ಕಲುಷಿತಗೊಳಿಸುತ್ತದೆ.

6. ನೀರಿನ ಟ್ಯಾಂಕರಿನ ವಿಶೇಷ ಎಚ್ಚರಿಕೆ

ಟ್ಯಾಂಕಿನ ಒಳಗೆ ಇಳಿದು ಬೆಸೆಯುವ ಕೆಲಸ ಅತ್ಯಂತ ಅಪಾಯದ್ದು. ಮುಚ್ಚಿದ ಜಾಗದಲ್ಲಿ ಹೊಗೆ ಸೇರುತ್ತದೆ, ರಕ್ಷಕ ಅನಿಲ ತಳದಲ್ಲಿ ನಿಂತು ಉಸಿರಾಟದ ಗಾಳಿಯನ್ನು ಹೊರದೂಡುತ್ತದೆ, ಬೆವರಿದ ಮೈಗೆ ವಿದ್ಯುದಾಘಾತದ ಭಯವೂ ಹೆಚ್ಚು. ಮುಚ್ಚಳಗಳನ್ನೆಲ್ಲ ತೆರೆದು, ಫ್ಯಾನಿನಿಂದ ಹೊಸ ಗಾಳಿ ಹಾಯಿಸಿ, ಹೊರಗೆ ಒಬ್ಬರನ್ನು ಸದಾ ಕಾವಲು ನಿಲ್ಲಿಸಿಯೇ ಕೆಲಸ ನಡೆಯಬೇಕು. ಒಳಗಿರುವವರು ಕುಸಿದರೆ ಕಾವಲಿನವರು ಒಳಕ್ಕೆ ಧುಮುಕದೆ, ಮೊದಲೇ ಕಟ್ಟಿದ ಹಗ್ಗದಿಂದ ಮೇಲೆಳೆಯಬೇಕು. ಹಿಂದೆ ಡೀಸೆಲ್, ರಾಸಾಯನಿಕ ಅಥವಾ ಬೇರೆ ದ್ರವ ತುಂಬಿದ್ದ ಟ್ಯಾಂಕು, ಡ್ರಮ್ಮುಗಳನ್ನು ಪಂಚಾಯಿತಿಯ ಕೆಲಸಕ್ಕಾಗಿ ಬೆಸೆಯಿಸಲೇಬಾರದು. ಖಾಲಿ ಡ್ರಮ್ಮಿನಲ್ಲಿ ಉಳಿದ ಆವಿ ಸ್ಫೋಟಿಸುತ್ತದೆ. ಕುಡಿಯುವ ನೀರಿನ ಟ್ಯಾಂಕಿನ ಒಳಗೆ ಕುಡಿಯುವ ನೀರಿಗೆ ಯೋಗ್ಯವೆಂದು ನಮೂದಿಸಿದ ಲೇಪನವನ್ನು ಮಾತ್ರ ಬಳಸಬೇಕು. ಸೋರಿಕೆಯ ಪರೀಕ್ಷೆಯನ್ನು ನೀರು ತುಂಬಿಯೇ ಮಾಡಬೇಕು.

7. ಕೆಲಸಗಾರರ ಸುರಕ್ಷತೆ

ಪಂಚಾಯಿತಿ ಆವರಣದಲ್ಲಿ ಬೆಸುಗೆ ನಡೆದರೆ ಅದರ ಸುರಕ್ಷತೆಯ ಹೊಣೆಯೂ ಪಂಚಾಯಿತಿಯದೇ. ವೆಲ್ಡರಿಗೆ ಸರಿಯಾದ ಛಾಯೆಯ ಗಾಜಿನ ಮುಖಕವಚ, ಚರ್ಮದ ಕೈಗವಸು, ಹತ್ತಿಯ ದಪ್ಪ ಬಟ್ಟೆ ಮತ್ತು ಬೂಟು ಇರಬೇಕು. ಬರಿಗಣ್ಣಿನಿಂದ ಬೆಸುಗೆಯ ಬೆಳಕು ನೋಡಿದವರಿಗೆ ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಬಿದ್ದಂತೆ ಉರಿ ಬರುತ್ತದೆ. ಮಕ್ಕಳು ನೋಡುತ್ತ ನಿಲ್ಲದಂತೆ ಮರೆ ಕಟ್ಟಬೇಕು. ಬೀದಿ ದೀಪದ ತಂತಿಗೆ ಕೊಕ್ಕೆ ಹಾಕಿ ಯಂತ್ರ ನಡೆಸುವುದಕ್ಕೆ ಯಾವ ಕಾರಣಕ್ಕೂ ಅವಕಾಶ ಕೊಡಬಾರದು. ಸೋರಿಕೆ ಪ್ರವಾಹವನ್ನು ಕಡಿತಗೊಳಿಸುವ ಸ್ವಿಚ್ಚು, ಮರಳಿನ ಬಕೆಟ್ಟು ಮತ್ತು ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಂತಿರಬೇಕು.

8. ಕಾನೂನು ಮತ್ತು ವೆಚ್ಚದ ವಿವೇಚನೆ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವ ರೀತಿಯಲ್ಲಿ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ತೊಟ್ಟಿಯನ್ನು ಎತ್ತರಿಸುವುದು, ಚಾಸಿಯನ್ನು ಉದ್ದ ಮಾಡುವುದು ದುರಸ್ತಿಯ ಹೆಸರಿನಲ್ಲಿ ನಡೆಯಬಾರದು. ಚಾಸಿ ಸಂಖ್ಯೆ ಕೊರೆದಿರುವ ಭಾಗವನ್ನು ಕತ್ತರಿಸಬಾರದು, ಉಜ್ಜಬಾರದು. ಚಾಸಿಯನ್ನೇ ಬದಲಿಸುವುದಾದರೆ ಮೊದಲು ಸಾರಿಗೆ ಕಚೇರಿಯನ್ನು ಸಂಪರ್ಕಿಸಬೇಕು. ಪ್ರಕರಣ 56ರಂತೆ ಸಾರಿಗೆ ವಾಹನಕ್ಕೆ ಅರ್ಹತಾ ಪತ್ರ, ಅಂದರೆ ಎಫ್.ಸಿ., ಇಲ್ಲದಿದ್ದರೆ ಅದು ಸಿಂಧುವಾಗಿ ನೋಂದಣಿಯಾದ ವಾಹನವೆಂದು ಪರಿಗಣಿತವಾಗುವುದಿಲ್ಲ.

ಇನ್ನೊಂದು ನಿಯಮವನ್ನು ಪ್ರತಿಯೊಬ್ಬ ಸದಸ್ಯರೂ ನೆನಪಿಡಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2023ರ ಜನವರಿಯಲ್ಲಿ ಆದ ತಿದ್ದುಪಡಿಯಂತೆ, 2023ರ ಏಪ್ರಿಲ್ 1ರಿಂದ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ವಾಹನಗಳ ನೋಂದಣಿ ಮೊದಲ ನೋಂದಣಿಯ ದಿನಾಂಕದಿಂದ 15 ವರ್ಷಗಳಿಗೆ ಮುಗಿಯುತ್ತದೆ. ಪಂಚಾಯಿತಿಗಳೂ ಇದರಲ್ಲಿ ಸೇರಿವೆ. ಅಂತಹ ವಾಹನವನ್ನು ನೋಂದಾಯಿತ ಗುಜರಿ ಕೇಂದ್ರದ ಮೂಲಕ ವಿಲೇವಾರಿ ಮಾಡಬೇಕಾಗುತ್ತದೆ. ಆದ್ದರಿಂದ ದುರಸ್ತಿಯ ಪ್ರಸ್ತಾವ ಬಂದಾಗ ಮೊದಲ ಪ್ರಶ್ನೆ ಹೀಗಿರಬೇಕು: ಈ ವಾಹನದ ಆಯುಷ್ಯ ಇನ್ನು ಎಷ್ಟು?

ಒಂದು ಕಲ್ಪಿತ ಲೆಕ್ಕ ನೋಡಬಹುದು. ಚಾಸಿ ದುರಸ್ತಿಯ ಅಂದಾಜು 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ವಾಹನಕ್ಕೆ ಇನ್ನು 10 ತಿಂಗಳ ಆಯುಷ್ಯವಿದ್ದರೆ ತಿಂಗಳಿಗೆ 6,000 ರೂಪಾಯಿ ಬೀಳುತ್ತದೆ. ಅದೇ ದುರಸ್ತಿ 60 ತಿಂಗಳ ಆಯುಷ್ಯವಿರುವ ವಾಹನಕ್ಕಾದರೆ ತಿಂಗಳಿಗೆ 1,000 ರೂಪಾಯಿ ಮಾತ್ರ. ಮೊದಲನೆಯ ಸಂದರ್ಭದಲ್ಲಿ ಬದಲಿ ವಾಹನದ ಬಾಡಿಗೆಯೊಂದಿಗೆ ಹೋಲಿಸಿ ನೋಡಬೇಕು. ಎರಡನೆಯದರಲ್ಲಿ ದುರಸ್ತಿ ಸಮರ್ಥನೀಯ. ಆದರೆ ಈ ಲೆಕ್ಕ ಸುರಕ್ಷಿತ ದುರಸ್ತಿ ಸಾಧ್ಯವಿರುವಾಗ ಮಾತ್ರ ಅನ್ವಯ. ನಾಲ್ಕನೆಯ ವರ್ಗದ ಚಾಸಿಗೆ ಅಗ್ಗದ ದರಪಟ್ಟಿ ಬಂದಿದೆ ಎಂಬುದು ಒಪ್ಪಿಗೆಗೆ ಕಾರಣವಾಗಲಾರದು.

9. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

«ಚಾಸಿ ವೆಲ್ಡಿಂಗ್ ಕೆಲಸ, ಒಟ್ಟು ಇಷ್ಟು ರೂಪಾಯಿ» ಎಂಬ ಒಂದೇ ಸಾಲಿನ ಬಿಲ್ಲಿಗೆ ಅನುಮೋದನೆ ನೀಡುವುದು ಸರಿಯಲ್ಲ. ಅಂದಾಜುಪಟ್ಟಿಯಲ್ಲಿ ಈ ಕೆಳಗಿನ ವಿವರಗಳು ಇರಲೇಬೇಕು.

(ಅ) ಸವೆತದ ಸ್ಥಳಗಳು, ಅಳತೆ ಮತ್ತು ದಿನಾಂಕವಿರುವ ಛಾಯಾಚಿತ್ರಗಳು.
(ಆ) ಬಳಸುವ ಪ್ಲೇಟಿನ ಮಾನಕ, ದಪ್ಪ, ತೂಕ, ಕಡ್ಡಿಯ ವರ್ಗ.
(ಇ) ತಯಾರಕರ ಕೈಪಿಡಿ ಅಥವಾ ಅಧಿಕೃತ ಸೇವಾ ಕೇಂದ್ರದ ಲಿಖಿತ ಅಭಿಪ್ರಾಯ, ಭಾರ ಹೊರುವ ಭಾಗವಾದಲ್ಲಿ.
(ಈ) ವೆಲ್ಡರಿನ ತರಬೇತಿ ಅಥವಾ ಅನುಭವದ ವಿವರ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ವೆಲ್ಡರ್ ವೃತ್ತಿಗೆ 1 ವರ್ಷದ ತರಬೇತಿ ಇದೆ. ಅಂತಹ ಪ್ರಮಾಣಪತ್ರವುಳ್ಳವರಿಗೆ ಆದ್ಯತೆ ಕೊಡುವುದು ಯೋಗ್ಯ.
(ಉ) ಪ್ರೈಮರ್ ಮತ್ತು ಬಣ್ಣದ ವೆಚ್ಚ ಪ್ರತ್ಯೇಕವಾಗಿ.
(ಊ) ಕೆಲಸಕ್ಕೆ ನೀಡುವ ಖಾತರಿಯ ಅವಧಿ.
(ಋ) ಕತ್ತರಿಸಿ ತೆಗೆದ ಹಳೆಯ ಕಬ್ಬಿಣದ ತೂಕ ಮತ್ತು ಅದರ ವಿಲೇವಾರಿ.

ಖರೀದಿ ಮತ್ತು ದರಪಟ್ಟಿಯ ಕ್ರಮವು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಹಾಗೂ ಜಾರಿಯಲ್ಲಿರುವ ಸುತ್ತೋಲೆಗಳಿಗೆ ಅನುಗುಣವಾಗಿರತಕ್ಕದ್ದು. ಪ್ರೈಮರ್ ಬಳಿಯುವ ಮೊದಲು, ಬೆಸುಗೆ ಬರಿಗಣ್ಣಿಗೆ ಕಾಣುವ ಹಂತದಲ್ಲಿ, ಕನಿಷ್ಠ ಇಬ್ಬರು ಸದಸ್ಯರು ಮತ್ತು ವಾಹನದ ಚಾಲಕಿ ಅದನ್ನು ನೋಡಿ ಸಹಿ ಮಾಡಲಿ. ಬಣ್ಣ ಬಳಿದ ಮೇಲೆ ಎಲ್ಲ ಬೆಸುಗೆಯೂ ಒಂದೇ ತೆರ ಕಾಣುತ್ತದೆ.

10. ಕೆಲಸ ಮುಗಿದ ನಂತರ

ಒಳ್ಳೆಯ ಬೆಸುಗೆಯ ಅಲೆಗಳು ಸಮನಾಗಿರುತ್ತವೆ, ಎರಡೂ ಅಂಚುಗಳಲ್ಲಿ ಲೋಹದೊಂದಿಗೆ ನಯವಾಗಿ ಕೂಡಿರುತ್ತವೆ. ಅಂಚಿನಲ್ಲಿ ಕೊರೆದಂತಹ ಗೀರು, ಸೂಜಿ ತೂತು, ಬಿರುಕು, ಗುಡ್ಡೆಗಟ್ಟಿದ ಲೋಹ ಇವು ದೋಷದ ಗುರುತುಗಳು. ಸಂಶಯವಿದ್ದಲ್ಲಿ ಕೆಂಪು ಬಣ್ಣದ ದ್ರವ ಹಾಕಿ, ಒರೆಸಿ, ಬಿಳಿ ಪುಡಿಯ ದ್ರಾವಣ ಸಿಂಪಡಿಸುವ ಪರೀಕ್ಷೆಯನ್ನು ಮಾಡಿಸಬಹುದು. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಬಳಿಕ ನೋಂದಣಿ ಪತ್ರದಲ್ಲಿ ಅನುಮತಿಸಿದಷ್ಟೇ ಭಾರ ತುಂಬಿ, ಜನ ಹತ್ತದೆ, ನಿಧಾನವಾಗಿ ಓಡಿಸಿ, ಕರ್ಣಗಳನ್ನು ಮತ್ತೆ ಅಳೆಯಬೇಕು. ಒಂದು ವಾರ ಮತ್ತು ಒಂದು ತಿಂಗಳ ನಂತರ ಅದೇ ಜಾಗವನ್ನು ಪುನಃ ನೋಡಿ ವಾಹನದ ದಿನಚರಿ ಪುಸ್ತಕದಲ್ಲಿ ಬರೆಯಬೇಕು.

ದುರಸ್ತಿಗಿಂತ ತಡೆ ಅಗ್ಗ. ಪ್ರತಿದಿನ ಕೆಲಸ ಮುಗಿದ ಮೇಲೆ ತೊಟ್ಟಿಯನ್ನೂ ವಾರಕ್ಕೊಮ್ಮೆ ಅಡಿಭಾಗವನ್ನೂ ತೊಳೆಯುವುದು, ಕಸದ ರಸ ಚಾಸಿಯ ಮೇಲೆ ಬೀಳದಂತೆ ಪೈಪಿನ ಮೂಲಕ ಡಬ್ಬಿಗೆ ಇಳಿಸುವುದು, ನೀರಿಳಿಯುವ ರಂಧ್ರಗಳನ್ನು ತಂತಿಯಿಂದ ಬಿಡಿಸುವುದು, ವಾಹನವನ್ನು ಸೂರಿನ ಅಡಿಯಲ್ಲಿ ನಿಲ್ಲಿಸುವುದು, ಮಳೆಗಾಲದ ಮೊದಲು ಮತ್ತು ನಂತರ ಬಣ್ಣ ಎದ್ದ ಜಾಗಕ್ಕೆ ಪ್ರೈಮರ್ ಬಳಿಯುವುದು — ಇಷ್ಟನ್ನು ಮಾಡಿದರೆ ವಾಹನ ತನ್ನ ಪೂರ್ಣ ಆಯುಷ್ಯವನ್ನು ಕಾಣುತ್ತದೆ. ತೊಳೆಯಲು ನೀರು, ಬ್ರಷ್ಷು ಮತ್ತು ಸಮಯವನ್ನು ಚಾಲಕಿಗೆ ಒದಗಿಸುವುದು ಪಂಚಾಯಿತಿಯ ಕರ್ತವ್ಯ. ಅಡಿಯಲ್ಲಿ ಸದ್ದು ಬರುತ್ತಿದೆ ಎಂದು ಅವರು ಹೇಳಿದಾಗ ಅದನ್ನು ದಾಖಲಿಸಿ, ಪರೀಕ್ಷೆಯಾಗುವವರೆಗೆ ವಾಹನವನ್ನು ನಿಲ್ಲಿಸುವ ಅಧಿಕಾರವನ್ನೂ ಅವರಿಗೆ ಕೊಡಬೇಕು. ವಾಹನವನ್ನು ದಿನವೂ ಬಲ್ಲವರು ಅವರೇ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯ ಪ್ರತಿಯೊಂದು ವಾಹನದ ಮೊದಲ ನೋಂದಣಿಯ ದಿನಾಂಕ ಯಾವುದು? 15 ವರ್ಷ ತುಂಬಲು ಎಷ್ಟು ಕಾಲ ಉಳಿದಿದೆ?
2. ಕಳೆದ ಬಾರಿ ವಾಹನದ ಅಡಿಭಾಗವನ್ನು ತೊಳೆದು ಪರೀಕ್ಷಿಸಿದ್ದು ಯಾವಾಗ? ಅದರ ದಾಖಲೆ ಇದೆಯೇ?
3. ಹಿಂದೆ ಆದ ಬೆಸುಗೆ ದುರಸ್ತಿಯಲ್ಲಿ ಸವೆದ ಲೋಹವನ್ನು ತೆಗೆಯಲಾಗಿತ್ತೇ, ಅಥವಾ ಅದರ ಮೇಲೆಯೇ ಪಟ್ಟಿ ಹಾಕಲಾಗಿತ್ತೇ?
4. ವಾಹನ ದುರಸ್ತಿಯಲ್ಲಿರುವ ದಿನಗಳಲ್ಲಿ ಕಸ ಸಂಗ್ರಹ ನಿಲ್ಲದಂತೆ ಬದಲಿ ವ್ಯವಸ್ಥೆ ಏನು?

ಮುಂದಿನ ಸಾಮಾನ್ಯ ಸಭೆಗೆ ಮೊದಲು ಸದಸ್ಯರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಜೊತೆ ವಾಹನ ನಿಲ್ಲುವ ಜಾಗಕ್ಕೆ ಹೋಗಿ, ತೊಳೆದ ವಾಹನದ ಅಡಿಭಾಗವನ್ನು ಟಾರ್ಚಿನ ಬೆಳಕಿನಲ್ಲಿ ನೋಡಿ, ಕಂಡದ್ದನ್ನು ಬರೆದುಕೊಂಡು ಬರುವುದು ಈ ಪಾಠದ ಅಭ್ಯಾಸ.